ನಾನಾ ಪೇಠ್‌ನ ಲೋಕಲ್ ಟ್ಯಾಂಕ್ ಯೂನಿಟ್: ತಗೊಳ್ಳಬಹುದು, ಆದರೆ ಅಳೆದು ನೋಡಿ

ಪೆಟ್ರೋಲ್ ಮುಳ್ಳು ಸುಳ್ಳು ಹೇಳತೊಡಗಿದರೆ ಪುಣೆಯಲ್ಲಿ ಹೆಚ್ಚಿನವರು ಹೋಗುವುದು ನಾನಾ ಪೇಠ್‌ನ ಸ್ಪೇರ್ ಪಾರ್ಟ್ಸ್ ಅಂಗಡಿಗಳಿಗೆ. ಕಂಪನಿ ಸರ್ವಿಸ್ ಸೆಂಟರ್‌ನಲ್ಲಿ ಎಷ್ಟೋ ಕಾರುಗಳಿಗೆ ಪಂಪ್ ಸಮೇತ ಇಡೀ ಅಸೆಂಬ್ಲಿಯನ್ನೇ ಹಾಕಿಸಿಕೊಳ್ಳಿ ಅನ್ನುತ್ತಾರೆ. ಪಂಪ್ ಚೆನ್ನಾಗಿದ್ದರೆ ಅದು ದಂಡದ ಖರ್ಚು. ಪೆಟ್ರೋಲ್ ಮೇಲೆ ತೇಲುವ ಫ್ಲೋಟ್ ಇದ್ದು, ಮಟ್ಟವನ್ನು ಮೀಟರ್‌ಗೆ ತಿಳಿಸುವ ಟ್ಯಾಂಕ್ ಯೂನಿಟ್ ಮಾತ್ರ ಬಿಡಿಯಾಗಿ ಸಿಗುವುದೇ ಈ ಲೋಕಲ್ ಮಾಲಿನ ದೊಡ್ಡ ಅನುಕೂಲ.

ಕೊಳ್ಳುವ ಮೊದಲು ತಪ್ಪು ಯೂನಿಟ್‌ನದ್ದೇನಾ ಅಂತ ಖಚಿತಪಡಿಸಿಕೊಳ್ಳಿ. ಇಗ್ನಿಷನ್ ಆಫ್ ಮಾಡಿ ಟ್ಯಾಂಕ್ ಮೇಲಿನ ಕಪ್ಲರ್ (ವೈರ್ ಜೋಡಿಸುವ ಪ್ಲಗ್) ಬಿಚ್ಚಿ. ವೈರಿಂಗ್ ಕಡೆಯ ಗೇಜ್ ವೈರನ್ನು 12 ವೋಲ್ಟ್, 3.4 ವ್ಯಾಟ್ ಬಲ್ಬ್ ಮೂಲಕ ಬಾಡಿಗೆ ಅರ್ಥ್ ಮಾಡಿ, ಆಮೇಲೆ ಕೀ ಆನ್ ಮಾಡಿ. ಮುಳ್ಳು ಜಾಗ ಬಿಟ್ಟು ಕದಲಿದರೆ ಮೀಟರ್, ವೈರಿಂಗ್ ಎರಡೂ ಸರಿ ಇವೆ, ತೊಂದರೆ ಟ್ಯಾಂಕ್ ಕಡೆ. ಕದಲದಿದ್ದರೆ ಫ್ಯೂಸ್ ನೋಡಿ. ಟೆಂಪರೇಚರ್ ಮೀಟರ್ ಕೂಡ ಸತ್ತಿದ್ದರೆ ಮೀಟರ್‌ಗೆ ಬರುವ ಸಪ್ಲೈ ನೋಡಬೇಕು, ಹೊಸ ಯೂನಿಟ್‌ನಿಂದ ಏನೂ ಆಗದು.

ಇನ್ನೊಂದು ಬಹಳ ಸಾಮಾನ್ಯ: ಫುಲ್ ಟ್ಯಾಂಕ್ ಮಾಡಿಸಿದರೂ ಮುಳ್ಳು ಮುಕ್ಕಾಲಿಗೇ ನಿಲ್ಲುವುದು. ಇದು ಹೆಚ್ಚಾಗಿ ಅರ್ಥಿಂಗ್ ದೋಷ. ಮಳೆಗಾಲದ ಕೆಸರು ನೀರು ಕಾರಿನ ಹಿಂಭಾಗಕ್ಕೆ ಎರಚಿ ಟರ್ಮಿನಲ್ ಹಸಿರುಗಟ್ಟುತ್ತದೆ. ಅಲ್ಲಿ ಸೇರಿಕೊಂಡ ಹತ್ತು ಓಮ್ ರೆಸಿಸ್ಟೆನ್ಸ್ ಯೂನಿಟ್‌ನ ಲೆಕ್ಕಕ್ಕೆ ಕೂಡುತ್ತದೆ, ಪೆಟ್ರೋಲ್ ಇಳಿದಂತೆ ಓಮ್ ಏರುವ ಕಾರುಗಳಲ್ಲಿ ಮೀಟರ್ ಅದನ್ನು ಕಡಿಮೆ ಪೆಟ್ರೋಲ್ ಅಂತ ಓದುತ್ತದೆ. ಟರ್ಮಿನಲ್ ಉಜ್ಜಿ ಬಿಗಿ ಮಾಡಿದರೆ ಸಾಕು.

ಈಗ ಅಂಗಡಿಯ ಕೌಂಟರ್. ಮಲ್ಟಿಮೀಟರ್ ಇಲ್ಲದೆ ಅಲ್ಲಿಗೆ ಹೋಗಲೇಬೇಡಿ. ಮೊದಲು ಎರಡೂ ಪ್ರೋಬ್ ಕೂಡಿಸಿ, ಆಗ ಬರುವ ಸಣ್ಣ ಅಂಕಿಯನ್ನು ಮುಂದಿನ ಅಳತೆಗಳಿಂದ ಕಳೆಯಿರಿ. ಜಪಾನಿ ಮೂಲದ ಹಲವು ಕಾರುಗಳಲ್ಲಿ ಫುಲ್ ಇದ್ದಾಗ ಕೆಲವೇ ಓಮ್, ಖಾಲಿಯಾದಾಗ ನೂರರ ಆಸುಪಾಸು. ಯುರೋಪಿನ ವಿಡಿಒ (ಜರ್ಮನಿಯ ಮೀಟರ್ ಬ್ರ್ಯಾಂಡ್) ಪದ್ಧತಿಯಲ್ಲಿ ಇದು ಉಲ್ಟಾ, ಖಾಲಿಗೆ 10, ಫುಲ್‌ಗೆ 180. ಆದ್ದರಿಂದ ನಿಮ್ಮ ಹಳೆಯ ಯೂನಿಟ್‌ನ ಎರಡು ತುದಿಯ ಅಳತೆ ಬರೆದುಕೊಂಡು ಹೋಗುವುದೇ ಸರಿ. ಆಮೇಲೆ ಫ್ಲೋಟ್ ತೋಳನ್ನು ತೀರಾ ನಿಧಾನವಾಗಿ ಕೆಳಗಿನಿಂದ ಮೇಲಕ್ಕೆ ಎತ್ತಿ. ಅಂಕಿ ಒಂದೇ ಸಮ ಇಳಿಯಬೇಕು, ವಿಡಿಒ ಪದ್ಧತಿಯದ್ದಾದರೆ ಒಂದೇ ಸಮ ಏರಬೇಕು. ನಡುವೆ ಒಮ್ಮೆ ಓಪನ್ (ಸಂಪರ್ಕ ಕಡಿತ) ತೋರಿಸಿ ಮತ್ತೆ ಬಂದರೂ ಆ ಪೀಸ್ ವಾಪಸ್ ಕೊಡಿ. ಲೋಕಲ್ ಮಾಲಿನಲ್ಲಿ ಸವೆಯುವ ಜಾಗ ಅದೇ: ರೆಸಿಸ್ಟರ್ ಪ್ಲೇಟ್ ಮೇಲೆ ಓಡುವ ಪುಟ್ಟ ಕಾಂಟ್ಯಾಕ್ಟ್ ಪತ್ತಿ ಸಡಿಲವಾಗಿರುತ್ತದೆ. ತೋಳಿನ ತಂತಿಯೂ ತೆಳು. ಹಳೆಯದರ ಪಕ್ಕದಲ್ಲಿಟ್ಟು ಬಾಗು, ಉದ್ದ ಎರಡೂ ಹೋಲಿಸಿ. ಒಂದು ಸೆಂಟಿಮೀಟರ್ ವ್ಯತ್ಯಾಸವಾದರೂ ರಿಸರ್ವ್ ಲೆಕ್ಕ ಹದಗೆಡುತ್ತದೆ.

ಅಂಗಡಿಯವರು ಹೇಳದ ಸಂಗತಿ ಒಂದಿದೆ. ಎಷ್ಟೋ ಕಾರುಗಳಲ್ಲಿ ರಿಸರ್ವ್ ದೀಪಕ್ಕೆ ಯೂನಿಟ್‌ನ ತಳದಲ್ಲಿ ಬೇರೆಯೇ ಥರ್ಮಿಸ್ಟರ್ (ಬಿಸಿಗೆ ತಕ್ಕಂತೆ ಓಮ್ ಬದಲಾಗುವ ಬಿಡಿಭಾಗ) ಇರುತ್ತದೆ. ಅಗ್ಗದ ಕೆಲವು ಪೀಸ್‌ಗಳಲ್ಲಿ ಅದೇ ಇರುವುದಿಲ್ಲ. ಮುಳ್ಳು ಓಡುತ್ತದೆ, ದೀಪ ಮಾತ್ರ ಎಂದೂ ಹತ್ತದು. ಬೆಳಗಾವಿ ಕಡೆ ರಾತ್ರಿ ಹೊರಡುವವರಿಗೆ ಇದು ಸಣ್ಣ ಕೊರತೆಯಲ್ಲ. ಕಪ್ಲರ್ ಪಿನ್‌ಗಳನ್ನು ಎಣಿಸಿ ನೋಡಿ, ಹಳೆಯದಕ್ಕಿಂತ ಕಡಿಮೆ ಇದ್ದರೆ ಬೇಡ.

ಕೂರಿಸುವ ಕೆಲಸ ಕಾಲು ಟ್ಯಾಂಕ್‌ಗಿಂತ ಕಡಿಮೆ ಪೆಟ್ರೋಲ್ ಇದ್ದಾಗ, ಗಾಳಿ ಆಡುವ ಕಡೆ ಆಗಲಿ. ಪಂಪ್ ಫ್ಯೂಸ್ ತೆಗೆದು ಇಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಿ ಲೈನ್ ಪ್ರೆಷರ್ ಇಳಿಸಿ, ನಂತರ ಬ್ಯಾಟರಿ ನೆಗೆಟಿವ್ ಬಿಚ್ಚಿ. ಯೂನಿಟನ್ನು ಟ್ಯಾಂಕ್‌ಗೆ ಬಿಗಿದಿಡುವ ಲಾಕ್ ರಿಂಗನ್ನು ಕಬ್ಬಿಣದ ಉಳಿಯಿಂದ ಹೊಡೆಯಬಾರದು, ಕಿಡಿ ಹಾರುತ್ತದೆ. ಓ-ರಿಂಗ್ (ಸೋರಿಕೆ ತಡೆಯುವ ರಬ್ಬರ್ ಬಳೆ) ಹೊಸದೇ ಬೇಕು. ಹಳೆಯದು ಉಬ್ಬಿರುತ್ತದೆ, ಮತ್ತೆ ಹಾಕಿದರೆ ಕಾರಿನೊಳಗೆ ಪೆಟ್ರೋಲ್ ವಾಸನೆ ಗ್ಯಾರಂಟಿ. ಹಿಂದಿನ ಸೀಟಿನ ಅಡಿ ಮುಚ್ಚಳ ಇಲ್ಲದ ಕಾರುಗಳಲ್ಲಿ ಟ್ಯಾಂಕನ್ನೇ ಇಳಿಸಬೇಕು. ಅಂಥ ಕಾರಿಗೆ ಲೋಕಲ್ ಬೇಡ, ಕೂಲಿ ಎರಡು ಸಲ ತೆರಬೇಕಾದೀತು, ಕಂಪನಿಯದ್ದೇ ಹಾಕಿಸಿ.

ಹಾಕಿದ ಮೇಲೆ ಬಂಕ್‌ನಲ್ಲಿ ಐದೈದು ಲೀಟರ್ ಹಾಕಿಸುತ್ತ ಪ್ರತಿ ಸಲ ಕೀ ಆನ್ ಮಾಡಿ ಮುಳ್ಳು ನೋಡಿ. ಪುಣೆ-ಸಾತಾರಾ ದಾರಿಯ ಖಂಬಾಟ್ಕಿ ಘಾಟ್ ಏರುವಾಗ ಮುಳ್ಳು ಕೊಂಚ ಅತ್ತಿತ್ತ ಆದರೆ ಗಾಬರಿ ಬೇಡ, ಟ್ಯಾಂಕ್‌ನೊಳಗೆ ಪೆಟ್ರೋಲ್ ಒಂದು ಕಡೆ ಸರಿಯುತ್ತದೆ ಅಷ್ಟೇ. ಸಮತಟ್ಟು ರಸ್ತೆಗೆ ಬಂದು ಕೆಲ ನಿಮಿಷ ಕಳೆದರೂ ಮೊದಲಿನ ಜಾಗಕ್ಕೆ ಬಾರದಿದ್ದರೆ ತೋಳು ಎಲ್ಲೋ ತಗುಲುತ್ತಿದೆ, ಬಿಚ್ಚಿ ನೋಡಲೇಬೇಕು.