ತೆರ್ಸೇಯ್ರಾ ದ್ವೀಪದ ‘ದೋನಾ ಅಮೇಲಿಯಾ’: ಚಕ್ಕೆ, ಜಾಯಿಕಾಯಿ, ಕಬ್ಬಿನ ಪಾಕದ ಪುಟ್ಟ ಕೇಕ್

ಪೋರ್ಚುಗಲ್‌ಗೆ ಸೇರಿದ ಅಜೋರ್ಸ್ ದ್ವೀಪಸಮೂಹದಲ್ಲಿರುವ ತೆರ್ಸೇಯ್ರಾಕ್ಕೆ ಹೋದವರು ಮರಳಿ ಬರುವಾಗ ಒಂದು ಪೆಟ್ಟಿಗೆ ‘ದೋನಾ ಅಮೇಲಿಯಾ’ ತರುವುದು ವಾಡಿಕೆ. ಅಂಗೈಯಲ್ಲಿ ಅಡಗುವಷ್ಟು ಚಿಕ್ಕದಾದ, ಕಪ್ಪಿಗೆ ಹತ್ತಿರದ ಕಂದು ಬಣ್ಣದ ಈ ಕೇಕಿನ ಮೇಲೆ ಸಕ್ಕರೆ ಪುಡಿ ಉದುರಿಸಿರುತ್ತಾರೆ. ಅಂಗ್ರಾ ದೊ ಹೆರೊಯಿಸ್ಮೊ ಪಟ್ಟಣದ ಒಂದು ಬೇಕರಿಯಲ್ಲಿ ಬೆಳಗ್ಗೆ ಒಲೆಯಿಂದ ಇಳಿದದ್ದನ್ನು ಮಧ್ಯಾಹ್ನ ತಿಂದೆ. ಮೊದಲ ತುತ್ತಿನಲ್ಲಿ ಚಕ್ಕೆಯ ಘಮ, ಅದರ ಹಿಂದೆಯೇ ಕಬ್ಬಿನ ಪಾಕದ ಸ್ವಲ್ಪ ಕಹಿ ಬೆರೆತ ಸಿಹಿ, ಕೊನೆಗೆ ನಾಲಿಗೆಯ ಮೇಲೆ ಉಳಿಯುವ ಮೆಕ್ಕೆಜೋಳದ ಹಿಟ್ಟಿನ ತೆಳುವಾದ ತರಿ. ನಾನು ಈವರೆಗೆ ತಿಂದಿರುವ ಮಸಾಲೆ ಕೇಕ್‌ಗಳಲ್ಲಿ ಇದಕ್ಕಿಂತ ರುಚಿಯಾದದ್ದು ಇನ್ನೊಂದಿಲ್ಲ.

ಹೆಸರಿನ ಹಿಂದೆ ಒಂದು ಭೇಟಿಯ ಕಥೆಯಿದೆ. ದೊರೆ ಒಂದನೇ ಕಾರ್ಲೋಸ್ ಮತ್ತು ರಾಣಿ ಅಮೇಲಿಯಾ 1901ರಲ್ಲಿ ಈ ದ್ವೀಪಗಳಿಗೆ ಬಂದಾಗ ತೆರ್ಸೇಯ್ರಾದವರು ಇದನ್ನು ರಾಣಿಗೆ ಉಣಬಡಿಸಿ, ಅಲ್ಲಿಂದ ಮುಂದೆ ಆಕೆಯ ಹೆಸರಿನಿಂದಲೇ ಕರೆಯತೊಡಗಿದರು. ಅದಕ್ಕೂ ಮುಂಚೆ ಇದಕ್ಕಿದ್ದ ಹೆಸರು ‘ಬೋಲೊ ದಾಸ್ ಇಂಡಿಯಾಸ್’, ಅಂದರೆ ಇಂಡಿಯಾ ದೇಶಗಳ ಕೇಕ್. ಆ ಹಳೆಯ ಹೆಸರು ಸುಮ್ಮನೆ ಬಂದದ್ದಲ್ಲ. ಭಾರತದಿಂದ ಲಿಸ್ಬನ್ನಿಗೆ ಮರಳುತ್ತಿದ್ದ ಹಡಗುಗಳು ಅಂಗ್ರಾದಲ್ಲಿ ತಂಗಿ, ನೀರು ಆಹಾರ ತುಂಬಿಕೊಂಡು ಮುಂದೆ ಸಾಗುತ್ತಿದ್ದವು. 1498ರಲ್ಲಿ ನಮ್ಮ ಕಾರವಾರದ ಸಮೀಪದ ಅಂಜದೀವ್ ದ್ವೀಪದಲ್ಲಿ ತಂಗಿದ್ದ ವಾಸ್ಕೊ ಡ ಗಾಮನ ತಂಡದಲ್ಲಿದ್ದ ಅವನ ಅಣ್ಣ ಪಾವ್ಲೊ, ಮರಳುವ ದಾರಿಯಲ್ಲಿ 1499ರಲ್ಲಿ ತೀರಿಕೊಂಡದ್ದು ತೆರ್ಸೇಯ್ರಾದಲ್ಲಿ. ಅವನನ್ನು ಮಣ್ಣು ಮಾಡಿದ್ದು ಅಂಗ್ರಾದಲ್ಲಿಯೇ. ಈ ಕೇಕಿನ ಚಕ್ಕೆ, ಜಾಯಿಕಾಯಿಗಳು ದ್ವೀಪದ ಅಡುಗೆಮನೆಗೆ ಪರಿಚಯವಾದದ್ದು ಆ ಹಡಗುದಾರಿಯಿಂದ ಎಂಬುದನ್ನು ತಿಳಿದು ತಿಂದಾಗ ನನ್ನ ಮನಸ್ಸು ತುಂಬಿ ಬಂತು.

ಊರಿಗೆ ಮರಳಿದ ಮೇಲೆ ಇದನ್ನು ಹಲವು ಬಾರಿ ಮಾಡಿದ್ದೇನೆ. ಈಗ ಪಾಲಿಸುತ್ತಿರುವ ಅಳತೆ ಹೀಗಿದೆ: 250 ಗ್ರಾಂ ಸಕ್ಕರೆ, 6 ಮೊಟ್ಟೆಯ ಹಳದಿ, 2 ಮೊಟ್ಟೆಯ ಬಿಳಿ, ಕರಗಿಸಿ ಆರಿಸಿದ 75 ಗ್ರಾಂ ಬೆಣ್ಣೆ, ನುಣ್ಣಗೆ ಜರಡಿ ಹಿಡಿದ 100 ಗ್ರಾಂ ಮೆಕ್ಕೆಜೋಳದ ಹಿಟ್ಟು, 2 ದೊಡ್ಡ ಚಮಚ ಕಬ್ಬಿನ ಪಾಕ, 1 ದೊಡ್ಡ ಚಮಚ ಚಕ್ಕೆ ಪುಡಿ, ಅರ್ಧ ಜಾಯಿಕಾಯಿಯ ತುರಿ, 50 ಗ್ರಾಂ ಒಣದ್ರಾಕ್ಷಿ, ಸಕ್ಕರೆಯಲ್ಲಿ ಪಕ್ವಗೊಳಿಸಿದ ಮಾದಲಹಣ್ಣಿನ ಸಿಪ್ಪೆ 25 ಗ್ರಾಂ ಮತ್ತು ಒಂದು ಚಿಟಿಕೆ ಉಪ್ಪು. ಅಂಗಡಿಯಲ್ಲಿ ‘ಕಾರ್ನ್‌ಫ್ಲೋರ್’ ಎಂದು ಕೊಡುವ ಬಿಳಿಯ ಪಿಷ್ಟವನ್ನು ಖಂಡಿತ ಬಳಸಬಾರದು. ಹಳದಿ ಮೆಕ್ಕೆಜೋಳವನ್ನು ಬೀಸಿದ ಹಿಟ್ಟೇ ಬೇಕು, ಏಕೆಂದರೆ ಮೇಲೆ ಹೇಳಿದ ಆ ತರಿ ಬರುವುದು ಅದರಿಂದ.

ಮೊಟ್ಟೆ ಮತ್ತು ಸಕ್ಕರೆಯನ್ನು ಮಿಶ್ರಣ ಬೆಳ್ಳಗಾಗಿ ಉಬ್ಬುವವರೆಗೆ ಕಡೆಯುವುದು ಅತ್ಯಂತ ಮುಖ್ಯವಾದ ಹಂತ. ಇದರಲ್ಲಿ ಬೇಕಿಂಗ್ ಪೌಡರ್ ಇಲ್ಲವಾದ್ದರಿಂದ ಕೇಕ್ ಹಗುರಾಗುವುದು ಈ ಗಾಳಿಯಿಂದ ಮಾತ್ರ. ಬಳಿಕ ಬೆಣ್ಣೆ, ಪಾಕ, ಮಸಾಲೆ, ಹಿಟ್ಟುಗಳನ್ನು ಒಂದೊಂದಾಗಿ ಸೇರಿಸಿ ಮೆಲ್ಲಗೆ ಕಲಸಬೇಕು. ದ್ರಾಕ್ಷಿಯನ್ನು ಸ್ವಲ್ಪ ಹಿಟ್ಟಿನಲ್ಲಿ ಹೊರಳಿಸಿ ಹಾಕದಿದ್ದರೆ ಎಲ್ಲವೂ ತಳಕ್ಕೆ ಇಳಿದು ಅಲ್ಲಿ ಅಂಟಿಕೊಳ್ಳುತ್ತವೆ. ನನ್ನ ಮೊದಲ ಒಬ್ಬೆಯಲ್ಲಿ ಅಚ್ಚಿನೊಳಗೆ ಹಾಕಿದ್ದ ಕಾಗದ ಬಿಡಿಸುವಾಗ ಅರ್ಧ ಕೇಕ್ ಕಾಗದದೊಂದಿಗೇ ಕಿತ್ತು ಬಂದಿತ್ತು. ಇಡ್ಲಿ ಗುಳಿಗಿಂತ ಸ್ವಲ್ಪ ಆಳವಾದ ಅಚ್ಚುಗಳಿಗೆ ಬೆಣ್ಣೆ ಸವರಿ, ಮುಕ್ಕಾಲು ಮಾತ್ರ ತುಂಬಿ, 180 ಡಿಗ್ರಿ ಶಾಖದಲ್ಲಿ ಸುಮಾರು 20 ನಿಮಿಷ ಬೇಯಿಸಿದರೆ ಸಾಕು. ನಡುಭಾಗ ಒತ್ತಿದರೆ ಇನ್ನೂ ಮೆತ್ತಗಿರಬೇಕು, ಪೂರ್ತಿ ಗಟ್ಟಿಯಾಗುವವರೆಗೆ ಬಿಟ್ಟರೆ ಮರುದಿನ ಒಣಗಿ ಪುಡಿಯಾಗುತ್ತದೆ. ಸಕ್ಕರೆ ಪುಡಿಯನ್ನು ಪೂರ್ಣ ಆರಿದ ಮೇಲೆಯೇ ಉದುರಿಸಬೇಕು.

ಕಬ್ಬಿನ ಪಾಕ ಸಿಗದವರಿಗೆ ಉತ್ತರ ಕನ್ನಡದ ಜೋನಿಬೆಲ್ಲವನ್ನು ಸೂಚಿಸುತ್ತೇನೆ. ಅದು ಅಜೋರ್ಸ್‌ನ ಪಾಕಕ್ಕಿಂತ ತಿಳಿಯಾಗಿಯೂ ಹೆಚ್ಚು ಸಿಹಿಯಾಗಿಯೂ ಇರುವುದರಿಂದ ಸಕ್ಕರೆಯನ್ನು 30 ಗ್ರಾಂನಷ್ಟು ಇಳಿಸುತ್ತೇನೆ. ಬಣ್ಣ ಅಷ್ಟು ಕಪ್ಪಾಗುವುದಿಲ್ಲ, ಆ ಹದವಾದ ಕಹಿಯೂ ಕಡಿಮೆ, ಆದರೆ ಘಮದಲ್ಲಿ ಕೊರತೆಯಿಲ್ಲ. ನಮ್ಮಲ್ಲಿ ಹೆಚ್ಚಾಗಿ ಸಿಗುವ ದಪ್ಪ ಚಕ್ಕೆ ಖಾರವಾಗಿದ್ದು ಜಾಯಿಕಾಯಿಯನ್ನು ಮುಚ್ಚಿಬಿಡುತ್ತದೆ. ಕಾಗದದಂತೆ ತೆಳ್ಳಗೆ ಸುರುಳಿಯಾಗಿರುವ ಸಿಲೋನ್ ಚಕ್ಕೆ ಸಿಕ್ಕರೆ ಅದನ್ನೇ ಆರಿಸಿಕೊಳ್ಳಿ.

ಒಂದು ದೂರನ್ನೂ ಹೇಳಬೇಕು. ಮರಳುವ ದಿನ ಅವಸರದಲ್ಲಿ ಬೇರೊಂದು ಅಂಗಡಿಯಲ್ಲಿ ಕೊಂಡ ಪೆಟ್ಟಿಗೆಯಲ್ಲಿನ ಕೇಕ್‌ಗಳು ಒಣಗಿದ್ದವು, ಮೇಲಿನ ಸಕ್ಕರೆ ತೇವ ಹೀರಿ ಹೆಪ್ಪುಗಟ್ಟಿತ್ತು, ಮಾದಲಸಿಪ್ಪೆಯ ಸುಳಿವೇ ಇರಲಿಲ್ಲ. ಆದ್ದರಿಂದ ಅಂದಂದೇ ಮಾಡಿ ಮಾರುವ ಬೇಕರಿಗೆ ಹೋಗಿ, ಕಣ್ಣೆದುರೇ ತುಂಬಿಸಿಕೊಂಡು ಬರುವುದು ಒಳ್ಳೆಯದು. ಗಾಳಿಯಾಡದ ಡಬ್ಬಿಯಲ್ಲಿಟ್ಟ ಕೇಕ್ ಮರುದಿನ ಮಸಾಲೆ ಹೀರಿಕೊಂಡು ಇನ್ನಷ್ಟು ಹದಕ್ಕೆ ಬರುತ್ತದೆ. ಜೊತೆಗೆ ಹಾಲು ಸಕ್ಕರೆ ಬೆರೆಸದ ಕಪ್ಪು ಚಹಾ ಇರಲಿ. ಅದೇ ದ್ವೀಪಸಮೂಹದ ಸಾವ್ ಮಿಗೆಲ್ ದ್ವೀಪದ ಗೊರಿಯಾನಾ ತೋಟದಲ್ಲಿ 1883ರಿಂದಲೂ ಚಹಾ ತಯಾರಾಗುತ್ತಿದೆ.