ಪಬ್ಲಿಕ್ ಗಾರ್ಡನ್‌ನಿಂದ ಜಗತ್ ಸರ್ಕಲ್‌ವರೆಗೆ: ಡೌನ್ ಸಿಂಡ್ರೋಮ್ ನಡಿಗೆ ಹೇಗಿತ್ತು?

ವಿಶ್ವ ಡೌನ್ ಸಿಂಡ್ರೋಮ್ ದಿನಕ್ಕೆ ಕಲಬುರಗಿಯಲ್ಲಿ ಇಟ್ಟುಕೊಂಡಿದ್ದ ನಡಿಗೆಗೆ ತಮ್ಮನ ಜೊತೆ ಹೋಗಿದ್ದೆ. ಅವನಿಗೆ 26 ವರ್ಷ, ಡೌನ್ ಸಿಂಡ್ರೋಮ್ ಇದೆ, ಅಂದರೆ ಹುಟ್ಟಿನಿಂದಲೇ ಇರುವ, ಕಲಿಕೆ ಬೆಳವಣಿಗೆ ನಿಧಾನವಾಗುವ ಸ್ಥಿತಿ. ನನಗೆ ಟೀ ಶರ್ಟ್ ಸೇರಿ 200 ರೂಪಾಯಿ, ಅವನಿಗೆ ಫ್ರೀ. ಬಂದ ದುಡ್ಡು ಮಕ್ಕಳ ಸ್ಪೀಚ್ ಥೆರಪಿಗೆ ಅಂದರು. ಲೆಕ್ಕ ಕೇಳಿದೆ, ಪುಸ್ತಕ ತೆಗೆದು ತೋರಿಸಿದರು.

ತುಂಬಾ ಹಿಡಿಸಿದ್ದು ನಡಿಗೆಯ ನಿಧಾನ. ಬ್ಯಾನರ್ ಹಿಡಿದು ಮುಂದೆ ಹೋದವರು ಡೌನ್ ಸಿಂಡ್ರೋಮ್ ಇರುವವರೇ. ಅತಿಥಿಗಳು, ನಾವು, ಫೋಟೋದವರು ಎಲ್ಲಾ ಹಿಂದೆ. ಡೌನ್ ಸಿಂಡ್ರೋಮ್ ಇರುವವರಲ್ಲಿ ಬಹಳ ಜನಕ್ಕೆ ಸ್ನಾಯು ಸಡಿಲ, ಪಾದ ಚಪ್ಪಟೆ, ಬೇಗ ಸುಸ್ತಾಗುತ್ತದೆ. ಹೆಚ್ಚುಕಮ್ಮಿ ಅರ್ಧದಷ್ಟು ಮಕ್ಕಳಿಗೆ ಹುಟ್ಟಿನಿಂದಲೇ ಹೃದಯದ ತೊಂದರೆ ಇರುತ್ತದೆ. ತಮ್ಮನಿಗೂ ಚಿಕ್ಕವನಿದ್ದಾಗ ಹೃದಯದ ತೂತು ಮುಚ್ಚಿಸಿದ್ದೇವೆ. ಅದೂ ಅಲ್ಲದೆ ಅವನಿಗೆ ದಾರಿಯಲ್ಲಿ ಕಂಡವರಿಗೆಲ್ಲ ಕೈ ಕೊಡಬೇಕು. ಬಾಳೆಹಣ್ಣಿನ ಬಂಡಿಯವರು, ಆಟೋದವರು, ಪೊಲೀಸು, ಯಾರನ್ನೂ ಬಿಡಲಿಲ್ಲ. ಇಡೀ ಸಾಲು ನಿಂತಿತು. ಒಬ್ಬರೂ "ನಡೀರಿ ನಡೀರಿ" ಅನ್ನಲಿಲ್ಲ.

ಜೋಡಿಯಲ್ಲದ ಸಾಕ್ಸ್ ಹಾಕಿಕೊಂಡು ಬನ್ನಿ ಅಂತ ಮೊದಲೇ ಹೇಳಿದ್ದರು. ಈ ದಿನಕ್ಕೆ ಎಲ್ಲಾ ಕಡೆ ಹಾಗೇ ಮಾಡುತ್ತಾರೆ, ಕ್ರೋಮೋಸೋಮ್ (ಜೀವಕೋಶದಲ್ಲಿ ವಂಶದ ಗುಣ ಹೊರುವ ಎಳೆ) ನೋಡಲು ಸಾಕ್ಸ್ ಥರ ಕಾಣುತ್ತದಂತೆ. ಡೌನ್ ಸಿಂಡ್ರೋಮ್ ಇರುವವರಲ್ಲಿ 21ನೇ ಕ್ರೋಮೋಸೋಮ್ ಎರಡರ ಬದಲು ಮೂರು ಇರುತ್ತದೆ, ಅದಕ್ಕೇ ಮೂರನೇ ತಿಂಗಳ 21ನೇ ತಾರೀಖು. ವಿಶ್ವಸಂಸ್ಥೆ 2012ರಿಂದ ಆಚರಿಸುತ್ತಿದೆ. ಆದರೆ ನಮ್ಮವನು ಹಠ ಹಿಡಿದು ಎರಡೂ ಕಾಲಿಗೆ ನೀಲಿಯನ್ನೇ ಹಾಕಿಕೊಂಡ. ಅಲ್ಲಿ ಬಂದು ಎಲ್ಲರ ಕಾಲು ಬಗ್ಗಿ ನೋಡಿ, "ಅಕ್ಕಾ, ಇವರಿಗೆ ಯಾರೂ ಹೇಳಿಲ್ಲೇನು?" ಅಂತ ಕೇಳಿದ. ಚಪ್ಪಲಿ ಮೇಲೆ ಸಾಕ್ಸ್ ಹಾಕಿದ್ದವರನ್ನು ನೋಡಿದರೆ ನನಗೂ ಅವನ ಮಾತೇ ಸರಿ ಅನ್ನಿಸಿತು.

ಇನ್ನು ಬೇಜಾರಾಗಿದ್ದು. ಏಳಕ್ಕೆ ಅಂದವರು ಹೊರಟಿದ್ದು ಒಂಬತ್ತರ ಮೇಲೆ. ಮುಖ್ಯ ಅತಿಥಿ ಬರಬೇಕಿತ್ತಂತೆ. ನಮ್ಮ ಊರಿನ ಮಾರ್ಚ್ ಬಿಸಿಲು ಗೊತ್ತಲ್ವಾ? ಹೃದಯದ ಆಪರೇಷನ್ ಆದ ಮಕ್ಕಳನ್ನು ಅದರಲ್ಲಿ ಸುಮ್ನೆ ನಿಲ್ಲಿಸಿದ್ದು ತಪ್ಪು. ಆಮೇಲೆ ಭಾಷಣ. "ಇವರು ದೇವರ ಮಕ್ಕಳು" ಅಂತ ಶುರುವಾಗಿದ್ದು ನಿಲ್ಲಲೇ ಇಲ್ಲ. ನನ್ನ ತಮ್ಮ ಕಾಕಾನ ಅಂಗಡಿಯಲ್ಲಿ ಸಾಮಾನು ಕಟ್ಟಿ ಸಂಬಳ ತಗೊಳ್ಳುತ್ತಾನೆ, ಒಂದು ದಿನ ತಡವಾದರೂ ಜಗಳಕ್ಕೆ ನಿಲ್ಲುತ್ತಾನೆ. ಮೈಕ್ ಅವನ ಕೈಗೆ ಕೊಡಬಹುದಿತ್ತು.

ಕೊನೆಗೆ ಒಂದು ಮೂಲೆಯಲ್ಲಿ ಯುಡಿಐಡಿ ಕಾರ್ಡ್ (ಅಂಗವಿಕಲರ ಗುರುತಿನ ಚೀಟಿ) ಮತ್ತು ನಿರಾಮಯ ಅನ್ನೋ ಸರ್ಕಾರಿ ಆರೋಗ್ಯ ವಿಮೆಯ ಟೇಬಲ್ ಇತ್ತು. ನಿರಾಮಯದಲ್ಲಿ ವರ್ಷಕ್ಕೆ 1 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಖರ್ಚು ಸಿಗುತ್ತದೆ, ಥೆರಪಿಗೂ ಉಂಟು. ಸೇರಿಸಿಕೊಳ್ಳೋಕೆ ಮುಂಚೆ ಮೆಡಿಕಲ್ ಟೆಸ್ಟ್ ಏನೂ ಕೇಳಲ್ಲ. ನನ್ನ ಪಕ್ಕ ನಿಂತಿದ್ದ ಚಿತ್ತಾಪುರದ ತಾಯಿಯೊಬ್ಬರು ಇದನ್ನು ಕೇಳಿದ್ದೇ ಅವತ್ತು. ಇಂಥ ಟೇಬಲ್ ಗೇಟಿನ ಹತ್ತಿರ ಇರಬೇಕು, ಮೂಲೆಯಲ್ಲಲ್ಲ.

ನಾಷ್ಟಾಕ್ಕೆ ಸುಸಲಾ, ಮಿರ್ಚಿ. ಪರವಾಗಿಲ್ಲ. ಹೋಗುವವರು ಟೋಪಿ, ನೀರು ಮನೆಯಿಂದಲೇ ಒಯ್ಯಿರಿ. ಟೀ ಶರ್ಟ್ ಒಂದು ಸೈಜ್ ದೊಡ್ಡದೇ ಕೇಳಿ, ಒಗೆದರೆ ಕುಗ್ಗುತ್ತದೆ.