ಮಿನ್‌ಅಯಾನ್ ಸೀಕ್ವೆನ್ಸರ್: ಕ್ರೋಮೋಸೋಮ್ ಓದೋಕೆ ಸೈ, ಮಿಕ್ಕಿದ್ದಕ್ಕೆ ಬೇರೆ ದಾರಿ ಬೇಕು

ಬ್ಯಾಕ್ಟೀರಿಯಾ, ಆರ್ಕಿಯಾ (ಬ್ಯಾಕ್ಟೀರಿಯಾ ಥರ ಕಂಡರೂ ಬೇರೆಯೇ ವಂಶದ ಏಕಕೋಶ ಜೀವಿಗಳು) ಮೇಲೆ ಕೆಲಸ ಮಾಡೋ ಲ್ಯಾಬಿಗೆ ಆಕ್ಸ್‌ಫರ್ಡ್ ನ್ಯಾನೋಪೋರ್ ಕಂಪನಿಯ ಮಿನ್‌ಅಯಾನ್ ಅನ್ನೋ ಡಿಎನ್‌ಎ ಓದೋ ಮೆಷಿನ್ ಬೇಕಾ? ಬೇಕು. ಆದರೆ ಕ್ರೋಮೋಸೋಮ್ ಬಗ್ಗೆ ಮುಂದೆ ಕೇಳಬೇಕಾದ ಪ್ರಶ್ನೆಗಳಿಗೆಲ್ಲ ಇದೊಂದೇ ಸಾಕು ಅಂದುಕೊಂಡು ತಗೋಬೇಡಿ.

ಅಂಗೈಯಗಲದ ಪೆಟ್ಟಿಗೆ, ಯುಎಸ್‌ಬಿ ವೈರಿನಲ್ಲಿ ಕಂಪ್ಯೂಟರಿಗೆ ಸೇರಿಸಬೇಕು. ಒಳಗೆ ಕೂರಿಸುವ ಫ್ಲೋ ಸೆಲ್‌ನಲ್ಲಿ 512 ಚಾನೆಲ್ ಇವೆ. ಡಿಎನ್‌ಎ ಎಳೆ ಸಣ್ಣ ರಂಧ್ರದಲ್ಲಿ ತೂರುವಾಗ ಕರೆಂಟ್ ಏರಿಳಿಯುತ್ತದೆ, ಅದರಿಂದ ಅಕ್ಷರ ಗುರುತಿಸುತ್ತದೆ. ಲಾಭ ಇರೋದು ಓದಿನ ಉದ್ದದಲ್ಲಿ. ಇ. ಕೋಲಿಯ ಸುಮಾರು 46 ಲಕ್ಷ ಬೇಸ್‌ಗಳ (ಅಂದರೆ ಅಕ್ಷರಗಳ) ಕ್ರೋಮೋಸೋಮ್‌ನಲ್ಲಿ, ಪ್ರೋಟೀನ್ ಕಟ್ಟುವ ರೈಬೋಸೋಮ್‌ಗೆ ಬೇಕಾದ ಆರ್‌ಆರ್‌ಎನ್‌ಎ ಜೀನ್‌ಗಳ ಗುಂಪು 7 ಕಡೆ ಹೆಚ್ಚುಕಮ್ಮಿ ಒಂದೇ ಥರ ಇದೆ, ಒಂದೊಂದೂ 5 ಸಾವಿರ ಬೇಸ್ ಆಸುಪಾಸು. 150 ಬೇಸ್ ಓದೋ ಮೆಷಿನ್ ಅಲ್ಲಿ ತಡಬಡಾಯಿಸುತ್ತದೆ. ಇದರಲ್ಲಿ 20-30 ಸಾವಿರದ ಓದುಗಳು ಸಾಕಷ್ಟು ಸಿಕ್ಕರೆ ಉಂಗುರದಂತಿರೋ ಇಡೀ ಕ್ರೋಮೋಸೋಮ್ ಒಂದೇ ತುಂಡಾಗಿ ಕೂಡುತ್ತದೆ.

ಅಷ್ಟುದ್ದ ಸಿಗಬೇಕಾದರೆ ಡಿಎನ್‌ಎ ಮುರಿಯಬಾರದು, ಕಷ್ಟ ಇರೋದೇ ಅಲ್ಲಿ. ಗೋಕರ್ಣದ ಹತ್ತಿರ ಸಾಣಿಕಟ್ಟಾದ ಉಪ್ಪಿನಾಗರದಿಂದ ತಂದ ಆರ್ಕಿಯಾಗೆ ಮೊದಲು ಒಂದು ಕಂಪನಿಯ, ಡಿಎನ್‌ಎ ಬೇರ್ಪಡಿಸೋ ಕಾಲಮ್ ಕಿಟ್ ಬಳಸಿದೆವು, ಬಾಕ್ಸ್ ಮೇಲೆ 'ಉದ್ದ ಡಿಎನ್‌ಎ' ಅಂತ ದೊಡ್ಡದಾಗಿ ಬರೆದಿತ್ತು, ಬಂದಿದ್ದೆಲ್ಲ ಪುಡಿಪುಡಿ. ಆಮೇಲೆ ಹಳೇ ವಿಧಾನಕ್ಕೇ ಹೋದೆವು. ಉಪ್ಪಿಲ್ಲದ ನೀರು ಬಿದ್ದರೆ ಈ ಜೀವಕೋಶಗಳು ತಾವಾಗಿಯೇ ಒಡೆಯುತ್ತವೆ, ಟ್ಯೂಬಿನಲ್ಲಿರೋದು ಸಬ್ಬಕ್ಕಿ ಗಂಜಿ ಥರ ಲೋಳೆಯಾಗುತ್ತದೆ. ಮೇಲೆ ಮೆಲ್ಲಗೆ ಎಥನಾಲ್ ಬಿಟ್ಟು ಗಾಜಿನ ಕಡ್ಡಿ ತಿರುಗಿಸಿದರೆ ಬಿಳಿ ಎಳೆ ಸುತ್ತಿಕೊಂಡು ಬರುತ್ತದೆ. ಟ್ಯೂಬನ್ನು ಜೋರಾಗಿ ಅಲುಗಿಸೋ ವೋರ್ಟೆಕ್ಸ್ ಮಾತ್ರ ಮುಟ್ಟಲೇಬೇಡಿ.

ಪಿಸಿಆರ್ ಮಾಡಿ ನಕಲು ಹೆಚ್ಚಿಸದೆ ನೇರ ಓದೋದರಿಂದ ಮೆಥೈಲೇಶನ್ (ಅಕ್ಷರಗಳ ಮೇಲೆ ಜೀವಕೋಶ ಹಾಕೋ ರಾಸಾಯನಿಕ ಗುರುತು) ಕೂಡ ಕಾಣುತ್ತದೆ, ಇದಕ್ಕೆ ಬೇರೆ ದುಡ್ಡಿಲ್ಲ. ಇನ್ನೊಂದು ನನಗೆ ತುಂಬಾ ಇಷ್ಟ. ಬೆಳೆಯುತ್ತಿರುವ ಇ. ಕೋಲಿಯಲ್ಲಿ ನಕಲು ಶುರುವಾಗುವ ಜಾಗದ ಹತ್ತಿರ ಓದುಗಳು ಜಾಸ್ತಿ, ಎದುರು ತುದಿಯಲ್ಲಿ ಕಡಿಮೆ, ಹಾಗಾಗಿ ಗ್ರಾಫಿನ ಗೆರೆ ಇಳಿಯುತ್ತಾ ಹೋಗುತ್ತದೆ. ಹ್ಯಾಲೋಫೆರಾಕ್ಸ್ ವೋಲ್ಕನೀ ಅನ್ನೋ ಉಪ್ಪುನೀರಿನ ಆರ್ಕಿಯಾದ ಮುಖ್ಯ ಕ್ರೋಮೋಸೋಮ್‌ನಿಂದ ಆ ಶುರುವಿನ ಜಾಗಗಳನ್ನೆಲ್ಲ ಕಿತ್ತರೂ ಅದು ಬೆಳೆಯಿತು, ಅದೂ ಮೊದಲಿಗಿಂತ ಬೇಗ! ಇದು 2013ರ ಕೆಲಸ. ಹಾಗಾದರೆ ಆ ಜಾಗಗಳು ಇರೋದಾದರೂ ಯಾಕೆ? ಬೇರೆ ಆರ್ಕಿಯಾಗಳಲ್ಲೂ ಹೀಗೇನಾ? ಇಂಥದ್ದನ್ನು ಹುಡುಕೋಕೆ ಈ ಪೆಟ್ಟಿಗೆ ಚೆನ್ನಾಗಿ ಒದಗುತ್ತದೆ.

ಕೈ ಕೊಡೋದು ಎಲ್ಲಿ ಅಂದರೆ, ಅಕ್ಷರ ಗೊತ್ತಾದ ಮಾತ್ರಕ್ಕೆ ಮಡಿಕೆ ಗೊತ್ತಾಗಲ್ಲ. ಒಂದೂವರೆ ಮಿಲಿಮೀಟರ್ ಎಳೆ ಒಂದೆರಡು ಮೈಕ್ರೋಮೀಟರ್ ಜೀವಕೋಶದಲ್ಲಿ ಹೇಗೆ ಕೂತಿದೆ ಅಂತ ನೋಡೋಕೆ ಹೈ-ಸಿ ಬೇಕು, ಅಂದರೆ ಡಿಎನ್‌ಎಯ ಯಾವ ಎರಡು ಜಾಗಗಳು ಹತ್ತಿರ ಇವೆ ಅಂತ ಜೋಡಿ ಜೋಡಿಯಾಗಿ ಎಣಿಸೋ ವಿಧಾನ. 2013ರಲ್ಲಿ ಕಾಲೋಬ್ಯಾಕ್ಟರ್ ಅನ್ನೋ ಬ್ಯಾಕ್ಟೀರಿಯಾಗೆ ಅಂಥ ನಕ್ಷೆ ಬಂತು, 2019ರಲ್ಲಿ ಸಲ್ಫೋಲೋಬಸ್ ಅನ್ನೋ ಆರ್ಕಿಯಾದ ಕ್ರೋಮೋಸೋಮ್ ಎರಡು ಬಗೆಯ ಭಾಗಗಳಾಗಿ ಹಂಚಿಕೊಂಡಿರೋದು ಕಾಣಿಸಿತು. ಮಿನ್‌ಅಯಾನ್‌ಗೂ ಪೋರ್-ಸಿ ಅನ್ನೋ ಅಂಥದ್ದೇ ವಿಧಾನ ಇದೆ ನಿಜ, ಆದರೆ ಬರೀ ಜೋಡಿಗಳನ್ನು ಎಣಿಸೋದಾದರೆ ಸಣ್ಣ ಓದಿನ ಮೆಷಿನ್ನೇ ಅಗ್ಗ. ಜೊತೆಗೆ ಎಲ್ಲದರಲ್ಲೂ ಕೋಟ್ಯಂತರ ಜೀವಕೋಶಗಳ ಸರಾಸರಿ ಸಿಗುತ್ತದೆ. ಹ್ಯಾಲೋಫೆರಾಕ್ಸ್‌ನ ಒಂದೇ ಜೀವಕೋಶದಲ್ಲಿ ಕ್ರೋಮೋಸೋಮ್‌ನ ಸುಮಾರು 20 ಪ್ರತಿ ಇರುತ್ತವೆ, ಅವೆಲ್ಲ ಒಂದೇ ಥರ ಮಡಿಸಿಕೊಂಡಿವೆಯಾ ಅನ್ನೋದಕ್ಕೆ ಮೈಕ್ರೋಸ್ಕೋಪ್ ಕಡೆಗೇ ಹೋಗಬೇಕು. ನನ್ನ ಪ್ರಕಾರ ಈ ಕ್ಷೇತ್ರದ ಮುಂದಿನ ಒಳ್ಳೇ ಕೆಲಸ ಬರೋದೂ ಅಲ್ಲಿಂದಲೇ, ಒಂದೊಂದೇ ಜೀವಕೋಶ ನೋಡೋದರಿಂದ.

ಒಂದೇ ಅಕ್ಷರ ಸಾಲಾಗಿ ಬಂದಲ್ಲಿ ಎಣಿಕೆ ತಪ್ಪೋದು ಹೊಸ ಆರ್10 ಫ್ಲೋ ಸೆಲ್‌ನಲ್ಲಿ ಕಡಿಮೆಯಾಗಿದೆ, ಪೂರ್ತಿ ಹೋಗಿಲ್ಲ. ಐದಕ್ಕೆ ನಾಲ್ಕು ಸ್ಟಾರ್. ಖರ್ಚೆಲ್ಲ ಫ್ಲೋ ಸೆಲ್‌ಗೇ, ಅದನ್ನು ಫ್ರಿಜ್ಜಿನಲ್ಲಿ ತಿಂಗಳುಗಟ್ಟಲೆ ಇಟ್ಟರೆ ಹಾಳಾಗುತ್ತದೆ. ಪಕ್ಕದ ಲ್ಯಾಬಿನವರನ್ನೂ ಸೇರಿಸಿಕೊಂಡು, ಬಾರ್‌ಕೋಡ್ (ಯಾರ ಸ್ಯಾಂಪಲ್ ಅಂತ ಗುರುತಿಸೋ ಡಿಎನ್‌ಎ ತುಣುಕು) ಹಾಕಿ ಹತ್ತಿಪ್ಪತ್ತು ಸ್ಯಾಂಪಲ್ ಒಟ್ಟಿಗೆ ಓಡಿಸಿ, ಬಿಲ್ ಹಂಚಿಕೊಳ್ಳಿ.